ನಿಂತಲ್ಲೇ ನಿಂತ ಆನೆಗಳಿಗೆ, ಬಿಕ್ಕೋಡಿನಿಂದ

ಬೇಲೂರು ಚೆನ್ನಕೇಶವ ದೇವಸ್ಥಾನದ ಗೋಡೆಯ ಬುಡದಲ್ಲಿ ಸಾಲಾಗಿ ನಿಂತಿರುವ ಗಜಮಹಾಶಯರ ಸನ್ನಿಧಿಗೆ, ಬಿಕ್ಕೋಡು ಹೋಬಳಿಯ ಒಬ್ಬ ಸಣ್ಣ ಕಾಫಿ ಬೆಳೆಗಾರ ಮಾಡಿಕೊಳ್ಳುವ ವಿಜ್ಞಾಪನೆ.

ಉಭಯ ಕುಶಲೋಪರಿ ಸಾಂಪ್ರತ. ಕಾಗದವನ್ನು ಹೀಗೇ ಶುರು ಮಾಡಬೇಕೆಂದು ನಮ್ಮ ತಾತ ಹೇಳಿಕೊಟ್ಟಿದ್ದರು. ಬರೆದಾದ ಮೇಲೆ ‘ಉಭಯ’ ಅನ್ನುವ ಮಾತಿನ ಮೇಲೆ ಕಣ್ಣು ನಿಂತಿತು. ನಿಮ್ಮ ಕಡೆಯ ಕುಶಲದ ಬಗ್ಗೆ ನನಗೆ ಸಂಶಯವಿಲ್ಲ. ಮೊನ್ನೆ ನೆಂಟರಿಗೆ ದೇವಸ್ಥಾನ ತೋರಿಸಲು ಬಂದಾಗ ಕಣ್ಣಾರೆ ನೋಡಿದ್ದೇನೆ. ಸೊಂಡಿಲು ಮುಕ್ಕಾದ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಗುಂಡುಕಲ್ಲಿನ ಹಾಗಿದ್ದೀರಿ. ನಮ್ಮ ಕಡೆಯದನ್ನು ಮುಂದೆ ಬರೆಯುತ್ತೇನೆ.

ಮೊದಲು, ಇದನ್ನು ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದು ಹೇಳಿಬಿಡಬೇಕು. ಉಳಿದವರಿಗೆಲ್ಲ ಬರೆದು ಮುಗಿದಿದೆ. ಕೊಟ್ಟ ಅರ್ಜಿಗಳ ನಕಲುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇನೆ. ಪ್ರತಿಯೊಂದರ ಮೇಲೂ ‘ಸ್ವೀಕರಿಸಲಾಗಿದೆ’ ಎಂಬ ನೇರಳೆ ಮೊಹರು ಬಿದ್ದಿದೆ. ಸ್ವೀಕರಿಸಿದವರಲ್ಲಿ ಅರ್ಧ ಜನ ವರ್ಗವಾಗಿ ಹೋದರು, ಇನ್ನರ್ಧ ಜನ ವರ್ಗವಾಗಿ ಬಂದರು. ಬಂದವರು ಹೊಸದಾಗಿ ಅರ್ಜಿ ಕೊಡಿ ಅಂದರು. ನೀವೂ ಉತ್ತರ ಬರೆಯುವವರಲ್ಲ, ನನಗೆ ಗೊತ್ತು. ಆದರೆ ನಿಮಗೆ ವರ್ಗಾವಣೆ ಇಲ್ಲ. 1117ರಲ್ಲಿ ವಿಷ್ಣುವರ್ಧನ ಮಹಾರಾಜರು ಎಲ್ಲಿ ನಿಲ್ಲಿಸಿದರೋ ಅಲ್ಲೇ ಇದ್ದೀರಿ. ತಾಲ್ಲೂಕಿನಲ್ಲಿ ಹುಡುಕಿಕೊಂಡು ಹೋದರೆ ಯಾವಾಗಲೂ ಜಾಗದಲ್ಲಿ ಸಿಗುವವರು ನೀವು ಮಾತ್ರ.

ನಿಮ್ಮ ಶಿಸ್ತನ್ನು ನೋಡಿ ನನಗೆ ಬಹಳ ಸಂತೋಷವಾಗುತ್ತದೆ. ಆರುನೂರಕ್ಕೂ ಹೆಚ್ಚು ಮಂದಿ ಇದ್ದೀರಂತೆ, ಒಬ್ಬರ ಹಾಗೆ ಇನ್ನೊಬ್ಬರಿಲ್ಲವಂತೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ನಿಮ್ಮ ದಾಯಾದಿಗಳು ಸಾವಿರಕ್ಕೂ ಮೇಲಿದ್ದಾರೆ. ಅಲ್ಲಿಯೂ ಎಲ್ಲಕ್ಕಿಂತ ಕೆಳಗಿನ ಸಾಲು ಅವರದೇ. ಮೇಲೆ ಸಿಂಹ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ, ಅದರ ಮೇಲೆ ದೇವರು ದಿಂಡರು. ಅಷ್ಟೂ ಭಾರವನ್ನು ಹೊತ್ತುಕೊಂಡು ಒಂದು ಹೆಜ್ಜೆ ಆಚೀಚೆ ಇಟ್ಟಿಲ್ಲ. ಗದ್ದೆಗೆ ಇಳಿದಿಲ್ಲ, ಬಾಳೆ ಮುರಿದಿಲ್ಲ, ಬೇಲಿ ಕೆಡವಿಲ್ಲ, ಹಲಸಿನ ಹಣ್ಣಿನ ವಾಸನೆಗೆ ಮೂಗು ಅರಳಿಸಿಲ್ಲ. ಸರ್ಕಾರಕ್ಕೆ ಎಂಥ ಆನೆ ಬೇಕೋ ಅಂಥ ಆನೆ ನೀವು.

ಅದಕ್ಕೆ ತಕ್ಕ ಮರ್ಯಾದೆಯೂ ನಿಮಗೆ ಸಿಕ್ಕಿದೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಅದಕ್ಕೂ ಮೊದಲು, 2010ರಲ್ಲಿ, ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಮ್ಮ ಆಸುಪಾಸಿನಲ್ಲಿ ಒಬ್ಬ ಮನೆ ಮೇಲೆ ಮಹಡಿ ಕಟ್ಟಬೇಕಾದರೆ ಎಷ್ಟು ಮೆಟ್ಟಿಲು ಹತ್ತಿ ಇಳಿಯಬೇಕೆಂದು ಬೇಲೂರು ಪೇಟೆಯವರನ್ನು ಕೇಳಿದರೆ ಹೇಳುತ್ತಾರೆ. ಅವರಿಗೆ ಅದು ಕಿರಿಕಿರಿ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅಳತೆ ಸ್ಪಷ್ಟವಾಗಿದೆ, ಗುರುತು ಹಾಕಿದೆ, ಮೀರಿದರೆ ಯಾರು ಕೇಳಬೇಕೆಂದು ಬರೆದಿದೆ.

ಅದೇ 2010ರಲ್ಲಿ ಇನ್ನೊಂದು ಘೋಷಣೆಯೂ ಆಯಿತು. ಜೀವಂತ ಆನೆಯನ್ನು ‘ರಾಷ್ಟ್ರೀಯ ಪರಂಪರೆಯ ಪ್ರಾಣಿ’ ಎಂದು ಕರೆದರು. ಅಂದರೆ ಒಂದೇ ವರ್ಷದಲ್ಲಿ ಇಬ್ಬರಿಗೂ ಪರಂಪರೆಯ ಹಾರ ಬಿತ್ತು. ನಿಮಗೆ ಹಾರದ ಜೊತೆ 300 ಮೀಟರ್ ಜಾಗ ಸಿಕ್ಕಿತು. ಅವರಿಗೆ ಹಾರ ಸಿಕ್ಕಿತು.

ನಿಮ್ಮ ಆ ನೆಂಟರ ಸಮಾಚಾರ ನಿಮಗೆ ಯಾರೂ ಹೇಳಿರಲಾರರು. ಗೈಡುಗಳು ದರ್ಪಣ ಸುಂದರಿಯ ಹತ್ತಿರ ನಿಂತು ಇಷ್ಟುದ್ದ ಮಾತಾಡುತ್ತಾರೆ, ಬುಡದ ಸಾಲಿನ ಹತ್ತಿರ ಬಂದಾಗ ‘ಕೆಳಗೆ ಆನೆ, ಬಲದ ಸಂಕೇತ’ ಎಂದು ಮುಗಿಸಿಬಿಡುತ್ತಾರೆ. ಆದ್ದರಿಂದ ನಾನೇ ಹೇಳುತ್ತೇನೆ. ಇಲ್ಲಿ ಬೀಟಮ್ಮ ಅಂತ ಒಬ್ಬಾಕೆ ಇದ್ದಾಳೆ, ದೊಡ್ಡ ಸಂಸಾರ. ಭುವನೇಶ್ವರಿಯದು ಇನ್ನೊಂದು ಹಿಂಡು. ಭೀಮ, ಕ್ಯಾಪ್ಟನ್ ಇವರೆಲ್ಲ ಗಂಡಸರು. ಹೆಸರಿಟ್ಟವರು ಇವರ ಹಿಂದೆ ಹಗಲೂ ರಾತ್ರಿ ಅಲೆಯುವ ಇಲಾಖೆಯ ಹುಡುಗರು ಮತ್ತು ಊರವರು. ನಮ್ಮ ಟೀ ಅಂಗಡಿಯಲ್ಲಿ ಬೆಳಿಗ್ಗೆ ‘ಭೀಮ ರಾತ್ರಿ ಕೆರೆ ಏರಿ ಮೇಲೆ ಬಂದ್ನಂತೆ’ ಎಂದರೆ, ಪರಸ್ಥಳದವರು ಯಾರೋ ಊರಿನ ಕುಡುಕನ ವಿಷಯ ಅಂದುಕೊಳ್ಳಬೇಕು, ಅಷ್ಟು ಸಲೀಸಾಗಿ ಮಾತಾಡುತ್ತೇವೆ. ಅದರರ್ಥ ಹೆದರಿಕೆ ಹೋಯಿತೆಂದಲ್ಲ. ಹೆದರಿಕೆಗೂ ಒಂದು ಹೆಸರಿದ್ದರೆ ಕೂಗಿ ಎಚ್ಚರಿಸುವುದು ಸುಲಭ.

ಅವರು ಇಲ್ಲಿಗೆ ಏಕೆ ಬಂದರು ಎಂದು ನೀವು ಕೇಳಬಹುದು. ಅವರನ್ನು ಕೇಳಿದರೆ ನೀವು ಏಕೆ ಬಂದಿರಿ ಅನ್ನುತ್ತಾರೇನೋ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಒಂದೂವರೆ ಕ್ವಿಂಟಾಲಿಗೆ ಕಡಿಮೆ ಇಲ್ಲದಷ್ಟು ಮೇವು ಬೇಕು. ಕಾಫಿ ತೋಟ ಅಂದರೆ ಅವುಗಳ ಕಣ್ಣಿಗೆ ನೆರಳು, ವರ್ಷವಿಡೀ ಕೆರೆಯ ನೀರು, ಬಗನೆ, ಹಲಸು, ಬಾಳೆ, ತೋಟದ ಕೆಳಗೆ ಭತ್ತದ ಗದ್ದೆ. ಊಟದ ಎಲೆ ಹಾಕಿ, ಬಡಿಸಿ, ‘ಕೂತುಕೋಬೇಡಿ’ ಅಂದ ಹಾಗೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರುಗಳು ಮುಳುಗಿದವು, ಗದ್ದೆಗಳು ಮುಳುಗಿದವು. ಮುಳುಗಡೆಯಾದ ಮನುಷ್ಯರಿಗೆ ಬದಲಿ ಜಮೀನು ಕೊಡಲು ಕಾಡಂಚಿನ ನೆಲ ಹೋಯಿತು. ಆನೆಗಳಿಗೆ ಮುಳುಗಡೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಇರಲಿಲ್ಲ. ಆಮೇಲೆ ಘಟ್ಟದ ಮೇಲೆ ಕಿರು ಜಲವಿದ್ಯುತ್ ಘಟಕಗಳು ಬಂದವು, ಹೆದ್ದಾರಿ ಅಗಲವಾಯಿತು, ಎತ್ತಿನಹೊಳೆಯ ಪೈಪು ಮತ್ತು ಕಾಲುವೆಗೆ ಬೆಟ್ಟ ಸೀಳಿದರು. ಎತ್ತಿನಹೊಳೆಯ ಅಂದಾಜು ವೆಚ್ಚ 2014ರಲ್ಲಿ 12,912 ಕೋಟಿ ಇದ್ದದ್ದು ಈಗ 23 ಸಾವಿರ ಕೋಟಿ ದಾಟಿದೆ. ಆ ನೀರು ಅರಸೀಕೆರೆ ದಾಟಿ ಬಯಲುಸೀಮೆಗೆ ಹೋಗಬೇಕು. ಅಲ್ಲಿಯವರ ಬಾಯಾರಿಕೆ ಸುಳ್ಳಲ್ಲ, ಅರಸೀಕೆರೆಯಲ್ಲಿ ನನ್ನ ತಂಗಿ ಮನೆ ಇದೆ, ಬೇಸಿಗೆಯಲ್ಲಿ ಹೋದರೆ ಕೈಕಾಲು ತೊಳೆಯಲು ಸಂಕೋಚವಾಗುತ್ತದೆ. ನನ್ನ ಪ್ರಶ್ನೆ ಇಷ್ಟೇ: ಅಷ್ಟು ಸಾವಿರ ಕೋಟಿಯ ಲೆಕ್ಕ ಬರೆಯುವಾಗ, ‘ಕಾಲುವೆಯ ಆ ದಡದ ಆನೆ ಈ ದಡಕ್ಕೆ ಎಲ್ಲಿ ದಾಟಬೇಕು, ದಾಟದಿದ್ದರೆ ಯಾರ ತೋಟಕ್ಕೆ ಇಳಿಯುತ್ತದೆ’ ಎಂದು ಮೊದಲ ಪುಟದಲ್ಲೇ ಕೇಳುವ ಒಬ್ಬ ಗುಮಾಸ್ತ ಇರಬೇಕಿತ್ತಲ್ಲವೆ?

ಈಗ ನಮ್ಮ ಕಡೆಯ ಕುಶಲ.

ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ಆಳುಗಳು ಬೆಳಿಗ್ಗೆ ಏಳಕ್ಕೆಲ್ಲ ತೋಟದ ಹಾದಿ ಹಿಡಿಯುತ್ತಾರೆ. ಆ ಹೊತ್ತಿಗೆ ಮಂಜು ಎಷ್ಟಿರುತ್ತದೆಂದರೆ ಹತ್ತು ಮಾರು ಮುಂದಿನ ಸಿಲ್ವರ್ ಓಕ್ ಕಾಣುವುದಿಲ್ಲ. ಆನೆ ಕಪ್ಪಗಿರುತ್ತದೆ ಎಂದು ಪುಸ್ತಕದಲ್ಲಿ ಓದಿದವರು ಅಂದುಕೊಳ್ಳುತ್ತಾರೆ. ಮಂಜಿನಲ್ಲಿ ಅದು ಮಂಜಿನ ಬಣ್ಣಕ್ಕೇ ಇರುತ್ತದೆ. ಹಾಗಾಗಿ ಸಾಯುವವರು ಹೆಚ್ಚಾಗಿ ಆನೆಯನ್ನು ಕೆಣಕಲು ಹೋದವರಲ್ಲ, ಸೆಲ್ಫಿ ತೆಗೆಯಲು ಹೋದವರಲ್ಲ. ಬುತ್ತಿ ಕಟ್ಟಿಕೊಂಡು ಕೂಲಿಗೆ ಹೊರಟವರು, ಗದ್ದೆಗೆ ನೀರು ತಿರುಗಿಸಲು ಹೋದವರು, ಕೊನೆ ಬಸ್ಸಿಳಿದು ಮನೆಗೆ ನಡೆಯುತ್ತಿದ್ದವರು. 2025ರ ಮೊದಲ ಮೂರು ತಿಂಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ಒಂದರ ಹಿಂದೆ ಒಂದು ಇಂಥ ಸಾವು ಆಯಿತು. ಹೆಸರು ಬರೆಯುವುದಿಲ್ಲ. ಪೇಪರಿನಲ್ಲಿ ಒಂದು ದಿನ ಬಂದು ಹೋಗಿವೆ, ಅವರ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ಸಾವಿನ ನಂತರದ ಕಾರ್ಯಕ್ರಮ ಮಾತ್ರ ನಿಮ್ಮ ಸಾಲಿನಷ್ಟೇ ಅಚ್ಚುಕಟ್ಟು. ಮೊದಲು ಶವವನ್ನು ರಸ್ತೆಯಲ್ಲಿಟ್ಟು ಧರಣಿ. ‘ಡಿಸಿ ಬರೋವರ್ಗೂ ಎತ್ತಲ್ಲ’. ಡಿಸಿ ಬರುತ್ತಾರೆ, ‘ಮಂತ್ರಿಗಳು ಬರೋವರ್ಗೂ ಎತ್ತಲ್ಲ’. ಮಂತ್ರಿಗಳು ಬಂದರೆ ಮೂರು ಘೋಷಣೆ: ಪರಿಹಾರದ ಚೆಕ್ಕು, ಆನೆ ಹಿಡಿಯಲು ಆದೇಶ, ಶಾಶ್ವತ ಪರಿಹಾರಕ್ಕೆ ಕ್ರಮ. ಮೊದಲನೆಯದು ಅಂದೇ ಕೈಗೆ, ಎರಡನೆಯದು ಮುಂದಿನ ವಾರ, ಮೂರನೆಯದು ಮುಂದಿನ ಸಾವಿನ ದಿನ ಮತ್ತೆ. ಚೆಕ್ಕಿನ ಮೊತ್ತ ನನ್ನ ಕಣ್ಣೆದುರಿಗೇ ಬೆಳೆದಿದೆ. 5 ಲಕ್ಷವಿದ್ದದ್ದು ಏಳೂವರೆಯಾಯಿತು, ಏಳೂವರೆ 15 ಆಯಿತು, ಈಗ 20. ನಮ್ಮ ರಾಬಸ್ಟಾಕ್ಕೆ ಕೂಡ ಇಷ್ಟು ವರ್ಷ ಇಷ್ಟು ನಿಯಮಿತವಾಗಿ ರೇಟು ಏರಿರಲಿಲ್ಲ. ಹಣ ಬೇಡವೆಂದು ಯಾರೂ ಹೇಳುವುದಿಲ್ಲ. ಸತ್ತವರ ಹೆಂಡತಿಗೆ, ಮಕ್ಕಳ ಫೀಸಿಗೆ ಅದು ಬೇಕು. ಆದರೆ ಒಬ್ಬ ಕೂಲಿಯವನ ಜೀವಮಾನದ ಅತ್ಯಂತ ದೊಡ್ಡ ಸರ್ಕಾರಿ ಸವಲತ್ತು ಅವನು ಸತ್ತ ದಿನ ಸಿಗುತ್ತದೆ ಅನ್ನುವಾಗ, ಆ ಮೊತ್ತದಲ್ಲಿ ಹತ್ತರಲ್ಲೊಂದು ಪಾಲನ್ನು ಬದುಕಿದ್ದಾಗಲೇ ಅವನ ಹಾದಿಯ ಬೀದಿದೀಪಕ್ಕೆ ಹಾಕಿದ್ದರೆ ಎಂದು ನನ್ನಂಥ ತಲೆಹರಟೆಗಳಿಗೆ ಅನ್ನಿಸುತ್ತದೆ.

ಆನೆ ಹಿಡಿಯುವುದು ಇದೆಯಲ್ಲ, ಅದರ ಕಥೆ ಸ್ವಲ್ಪ ಉದ್ದ. ಹೈಕೋರ್ಟಿನ ಸೂಚನೆಯಂತೆ 2012ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕದ ಆನೆಗಳ ಬಗ್ಗೆ ಒಂದು ಕಾರ್ಯಪಡೆ ವರದಿ ಕೊಟ್ಟಿತು. ಅದರಲ್ಲಿ ರಾಜ್ಯವನ್ನು ಮೂರು ಬಗೆಯ ವಲಯಗಳಾಗಿ ನೋಡಿ ಎಂದರು. ಆನೆಗೇ ಮೀಸಲಾದ ಜಾಗ, ಆನೆ ಮತ್ತು ಮನುಷ್ಯ ಹೊಂದಿಕೊಂಡು ಇರಬೇಕಾದ ಜಾಗ, ಆನೆ ಇರಲೇಬಾರದ ಜಾಗ. ಒಪ್ಪಿ ಬಿಡಿ, ಸಾಧಾರಣ ಬುದ್ಧಿಯ ಮಾತು. ಮನೆಯಲ್ಲಿ ಅಡುಗೆಮನೆ, ಜಗಲಿ, ಕೊಟ್ಟಿಗೆ ಬೇರೆಬೇರೆ ಇರುವ ಹಾಗೆ. ಎಲ್ಲಿ ಏನು ಎಂದು ಒಮ್ಮೆ ತೀರ್ಮಾನವಾದರೆ, ಜಗಲಿಯಲ್ಲಿ ಏನು ಮಾಡಬಾರದು, ಕೊಟ್ಟಿಗೆಯಲ್ಲಿ ಏನು ಕಟ್ಟಬಾರದು ಎಂದು ಪ್ರತಿದಿನ ಜಗಳವಾಡಬೇಕಿಲ್ಲ.

ವರದಿಯಲ್ಲಿ ಪಕ್ಕದ ಆಲೂರು ಸೀಮೆಯ ಆನೆಗಳನ್ನು ಹಿಡಿದು ಸಾಗಿಸಬೇಕೆಂಬ ಪುಟವಿತ್ತು. ಆ ಪುಟವನ್ನು ಎಲ್ಲರೂ ಬೇಗ ಓದಿಕೊಂಡರು. 2014ರಲ್ಲಿ ಇಪ್ಪತ್ತೆರಡು ಆನೆಗಳನ್ನು ಹಿಡಿದರು. ಉಳಿದ ಪುಟಗಳನ್ನು, ಅಂದರೆ ಹಾದಿ ಉಳಿಸುವುದು, ಜಾಗದ ಬಳಕೆ ತೀರ್ಮಾನಿಸುವುದು, ಊರವರನ್ನು ಕೂರಿಸಿ ಮಾತಾಡುವುದು, ಇವನ್ನು ಅಷ್ಟೇ ಚುರುಕಾಗಿ ಓದಿದಂತೆ ಕಾಣಲಿಲ್ಲ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಬಾಡಿಗೆಯವರನ್ನು ಎಬ್ಬಿಸಿ ಬಾಗಿಲು ತೆರೆದಿಟ್ಟ ಮನೆಗೆ ಹೊಸ ಬಾಡಿಗೆಯವರು ಬರುವುದಿಲ್ಲವೆ? ಅಂದಿನಿಂದ ಹಿಡಿಯುವುದು, ಕಾಲರ್ ಹಾಕುವುದು, ಎಲ್ಲೋ ಬಿಡುವುದು ನಡೆದೇ ಇದೆ. 2025ರ ಮಾರ್ಚಿನಲ್ಲೂ ಸಾಕಾನೆಗಳನ್ನು ಲಾರಿಯಲ್ಲಿ ತರಿಸಿ ಕಾರ್ಯಾಚರಣೆ ಮಾಡಿದರು. ನಮ್ಮ ಹುಡುಗರು ಶಾಲೆ ತಪ್ಪಿಸಿ ನೋಡಲು ಹೋದರು. ಈಗ ಭದ್ರಾದಲ್ಲಿ 2,000 ಹೆಕ್ಟೇರಿನಲ್ಲಿ ‘ಆನೆ ವಿಹಾರಧಾಮ’ ಮಾಡುತ್ತಾರೆ ಎಂಬ ಸುದ್ದಿ ಇದೆ. ವಿಹಾರ ಅನ್ನುವ ಪದ ಚೆನ್ನಾಗಿದೆ. ಅಲ್ಲಿಗೆ ಹೋದ ಆನೆಗಳೂ ಅದನ್ನೇ ಹೇಳಿದರೆ ನಾನು ಟೋಪಿ ತೆಗೆಯುತ್ತೇನೆ.

ಈ ಕೆಲಸದಲ್ಲಿ ಸತ್ತವರ ಲೆಕ್ಕವೂ ಇದೆ. 2023ರ ಆಗಸ್ಟಿನಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಮದ್ದು ಹೊಡೆದ ನುರಿತ ಗುರಿಕಾರರೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕಿದರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಅರ್ಜುನ ಸತ್ತ. ಅವನ ಹೆಸರು ನಿಮಗೂ ಕೇಳಿಸಿರಬೇಕು. ಮೈಸೂರು ದಸರೆಯಲ್ಲಿ ಎಂಟು ಸಲ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನು. ವಯಸ್ಸು ಅರವತ್ತು ದಾಟಿತ್ತು. ಅರವತ್ತಕ್ಕೆ ಗುಮಾಸ್ತರಿಗೂ ನಿವೃತ್ತಿ ಇದೆ, ಅರ್ಜುನನಿಗೆ ಮದವೇರಿದ ಕಾಡಾನೆಯೊಂದಿಗೆ ಕಾದಾಡುವ ಡ್ಯೂಟಿ ಇತ್ತು. ಹೂಳುವಾಗ ಜನ ಗೋಳೋ ಅಂತ ಅತ್ತರು, ಮಾವುತನನ್ನು ಹಿಡಿದುಕೊಳ್ಳಲು ಆಗಲಿಲ್ಲ. ಆಮೇಲೆ ಸ್ಮಾರಕ ಕಟ್ಟಿದರು. ಈಗ ಅವನೂ ನಿಮ್ಮ ಪೈಕಿ. ಅವನ ಜಾಗಕ್ಕೂ ಬೇಲಿ ಇದೆ, ಹೂವು ಇದೆ, ವರ್ಷಕ್ಕೊಮ್ಮೆ ಜನ ಬಂದು ಕೈ ಮುಗಿಯುತ್ತಾರೆ. ಓಡಾಡುವಾಗ ಸಿಗದ ನಿಶ್ಚಿಂತೆ ನಿಂತ ಮೇಲೆ ಸಿಕ್ಕಿತು.

ನನ್ನದೊಂದು ಸಣ್ಣ ಪ್ರಕರಣ ಹೇಳುತ್ತೇನೆ, ಬೇಸರಿಸಬೇಡಿ. ಎರಡು ವರ್ಷದ ಹಿಂದೆ ಕೊಯ್ಲಿಗೆ ವಾರವಿದ್ದಾಗ ಹಿಂಡೊಂದು ನಮ್ಮ ಅರ್ಧ ಎಕರೆ ಗದ್ದೆಯಲ್ಲಿ ರಾತ್ರಿ ಕಳೆಯಿತು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಬೆಳಿಗ್ಗೆ ಗಾರ್ಡು ಪಾಪ, ಬೇಗ ಬಂದ. ಫೋಟೋ ತೆಗೆದ, ಅಳತೆ ಬರೆದುಕೊಂಡ. ಅರ್ಜಿ ಒಂದು ಕಚೇರಿಗೆ ಹೋಯಿತು. ಅಲ್ಲಿ ಕಂಪ್ಯೂಟರಿನ ಮುಂದಿದ್ದವರು ಪಹಣಿ ನೋಡಿ, ‘ಇದು ನಿಮ್ಮ ಹೆಸರಲ್ಲಿಲ್ಲವಲ್ಲ’ ಅಂದರು. ನಮ್ಮ ಅಪ್ಪನ ಹೆಸರಲ್ಲಿದೆ ಅಂದೆ. ‘ಅವರನ್ನು ಕರ್ಕೊಂಬನ್ನಿ’. ಅವರು ತೀರಿಕೊಂಡು ಆರು ವರ್ಷವಾಯಿತು ಅಂದೆ. ‘ಹಾಗಾದ್ರೆ ಪೌತಿ ಖಾತೆ ಮಾಡಿಸ್ಕೊಂಡು ಬನ್ನಿ’. ಪೌತಿ ಖಾತೆಗೆ ಬೇರೆ ಕಚೇರಿ. ಅಲ್ಲಿ ಅಣ್ಣತಮ್ಮಂದಿರೆಲ್ಲರ ಸಹಿ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಇನ್ನೊಬ್ಬನ ಜೊತೆ ಮಾತಿಲ್ಲ. ಅಷ್ಟರಲ್ಲಿ ಮುಂದಿನ ಬೆಳೆ ಬಂತು, ಅದೇ ಹಿಂಡೂ ಬಂತು. ಗದ್ದೆ ನಾನು ಉಳುವುದು ಎಂದು ಆನೆಗಳಿಗೆ ಗೊತ್ತಿತ್ತು. ಸರ್ಕಾರಕ್ಕೆ ಅದನ್ನು ಸಾಬೀತು ಮಾಡಲು ಇವತ್ತಿಗೂ ಆಗಿಲ್ಲ. ನನಗಾದರೂ ಪಹಣಿ ಎಂಬುದೊಂದಿದೆ. ನಮ್ಮ ಪಕ್ಕದ ಬಗರ್‌ಹುಕುಂ ಸಾಗುವಳಿಯವನು ಸಕ್ರಮಕ್ಕೆಂದು ಫಾರಂ 57 ಕೊಟ್ಟು ಕಾಯುತ್ತಿದ್ದಾನೆ. ಅವನ ಜೋಳ ತುಳಿದರೆ ಕಾಗದದ ಪ್ರಕಾರ ಆನೆ ಸರ್ಕಾರಿ ಜಮೀನಿನಲ್ಲಿ ನಡೆದಾಡಿದಂತೆ. ಅದು ಅಪರಾಧವಲ್ಲ, ಹಾನಿಯೂ ಅಲ್ಲ.

ಪ್ರತಿವರ್ಷ ಡಿಸೆಂಬರ್ 25ರಂದು ‘ಸುಶಾಸನ ದಿನ’ ಆಚರಿಸುತ್ತಾರೆ, 2014ರಿಂದ. ಅಂದು ನಮ್ಮಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಸುಶಾಸನ ಅನ್ನುವ ಪದ ಕೇಳಿದಾಗಲೆಲ್ಲ ನನಗೆ ನಮ್ಮದೇ ತಾಲ್ಲೂಕಿನ ಹಲ್ಮಿಡಿ ನೆನಪಾಗುತ್ತದೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಹೆಸರಾದದ್ದು, ಕ್ರಿ.ಶ. 450ರ ಸುಮಾರಿನದು. ಕಲ್ಲಿನ ಮೇಲೆ ಇರುವುದು ಕಾವ್ಯವಲ್ಲ, ಒಂದು ಸರ್ಕಾರಿ ಆದೇಶ. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಊರು ಕೊಟ್ಟದ್ದು; ಯಾರಿಗೆ, ಯಾತಕ್ಕೆ, ಯಾವ ಊರು, ಅದನ್ನು ಅಪಹರಿಸಿದವರಿಗೆ ಎಂಥ ಪಾಪ ಎಂಬುದೆಲ್ಲ ಅಷ್ಟು ಸಣ್ಣ ಕಲ್ಲಿನಲ್ಲಿ ಬಂದಿದೆ. ಸುಮಾರು ಸಾವಿರದೈನೂರು ವರ್ಷದ ಹಿಂದಿನ ಆ ಫೈಲು ಕಳೆದುಹೋಗಿಲ್ಲ. ನನ್ನ ಎರಡು ವರ್ಷದ ಹಿಂದಿನ ಅರ್ಜಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಕೊಟ್ಟಿದ್ದರೆ ಚೆನ್ನಾಗಿತ್ತೇನೋ.

ಅರಸರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆನೆ ಅವರಿಗೆ ಸೈನ್ಯ, ಆದ್ದರಿಂದ ಆನೆಯ ಕಾಡು ಖಜಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆನೆ ಕಾಡಿಗೆ ಒಬ್ಬ ಅಧಿಕಾರಿ, ಆನೆ ಕೊಂದವನಿಗೆ ಮರಣದಂಡನೆ. ಆ ಕಾಲ ನಮಗೆ ಬೇಡ. ನಮ್ಮ ಕಾಲಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ, 1992ರ ಗಜ ಯೋಜನೆ ಇದೆ. ಎಣಿಕೆಯೂ ತಪ್ಪದೆ ನಡೆಯುತ್ತದೆ. 2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳು, ದೇಶಕ್ಕೇ ಮೊದಲು. 2025ರಲ್ಲಿ ಲದ್ದಿಯ ಡಿಎನ್‌ಎ ನೋಡಿ ಎಣಿಸಿದ ವರದಿ ಬಂತು, 6,013, ಆಗಲೂ ನಾವೇ ಮೊದಲು. ವಿಧಾನ ಬೇರೆಯಾದ್ದರಿಂದ ಒಂದಕ್ಕೊಂದು ಹೋಲಿಸಬಾರದಂತೆ. ಹೋಲಿಸುವುದಿಲ್ಲ. ಆನೆಯ ಲದ್ದಿಯಿಂದ ಅದರ ಗುರುತನ್ನು ಹಿಡಿಯುವಷ್ಟು ಮುಂದುವರಿದ ದೇಶದಲ್ಲಿ, ಆ ಆನೆ ಇವತ್ತು ಬೆಳಿಗ್ಗೆ ಯಾವ ಹಾದಿಯಲ್ಲಿದೆ ಎಂಬುದು ಆ ಹಾದಿಯಲ್ಲಿ ನಡೆಯುವವಳಿಗೆ ತಿಳಿಯಬೇಕು ಎಂದಷ್ಟೇ ನನ್ನ ಕೋರಿಕೆ.

ಇದು ಆಗದ ಕೆಲಸವೇನಲ್ಲ. ತಮಿಳುನಾಡಿನ ಆನೈಮಲೈ ಬೆಟ್ಟದ ವಾಲ್ಪಾರೈನಲ್ಲಿ ಟೀ ತೋಟಗಳ ನಡುವೆ ಇದೇ ಕಥೆ ಇತ್ತು. ಅಲ್ಲಿ ಆನಂದಕುಮಾರ್ ಎಂಬ ಸಂಶೋಧಕರು ಮತ್ತು ಅವರ ಜೊತೆಯವರು ವರ್ಷಗಟ್ಟಲೆ ಕೂತು ನೋಡಿದರು. ಸತ್ತವರಲ್ಲಿ ಬಹುಪಾಲು ಜನರಿಗೆ ಆನೆ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅಷ್ಟು ಸರಳ ಕಾರಣ! ಸಂಜೆ ಆನೆ ಎಲ್ಲಿದೆ ಎಂದು ಜನರ ಮೊಬೈಲಿಗೆ ಮೆಸೇಜು ಕಳಿಸತೊಡಗಿದರು, ತಮಿಳಿನಲ್ಲಿ, ಅವರವರ ಎಸ್ಟೇಟಿಗೆ ತಕ್ಕಂತೆ. ಎತ್ತರದ ಜಾಗಗಳಲ್ಲಿ ಕೆಂಪು ದೀಪ ಹಾಕಿ, ಅದನ್ನು ಮೊಬೈಲಿನಿಂದಲೇ ಹೊತ್ತಿಸುವ ಜವಾಬ್ದಾರಿಯನ್ನು ಅಲ್ಲಿಯ ಜನರ ಕೈಗೇ ಕೊಟ್ಟರು. ಬಸ್ಸಿನಲ್ಲಿ ಧ್ವನಿ ಪ್ರಕಟಣೆ. ಇದಕ್ಕೆ ಆನೆಯನ್ನು ಲಾರಿಗೆ ಹತ್ತಿಸಬೇಕಾಗಲಿಲ್ಲ. ಸಾವು ಇಳಿಯಿತು. ಈ ಕೆಲಸಕ್ಕೆ 2015ರಲ್ಲಿ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ಆ ಪದ್ಧತಿ ಹಾಸನ ಜಿಲ್ಲೆಗೂ ಬಂದಿದೆ. ಮೆಸೇಜು ಬರುತ್ತದೆ, ಫಲಕಗಳಿವೆ, 2022ರಲ್ಲಿ ರಚಿಸಿದ ಆನೆ ಕಾರ್ಯಪಡೆಯ ಹುಡುಗರು ಜೀಪಿನಲ್ಲಿ ಮೈಕು ಹಿಡಿದು ಕೂಗುತ್ತಾರೆ. ಆ ಹುಡುಗರನ್ನು ನಾನು ಬೈಯುವುದಿಲ್ಲ. ಹೊರಗುತ್ತಿಗೆಯ ಸಂಬಳಕ್ಕೆ, ಕೈಯಲ್ಲೊಂದು ಪಟಾಕಿ ಹಿಡಿದು, ಐದು ಟನ್ನಿನ ಜೀವದ ಹಿಂದೆ ನಡೆಯುತ್ತಾರೆ. ಬಿಕ್ಕೋಡಿನಲ್ಲಿ ಇವತ್ತು ಆಡಳಿತ ಎಂಬುದು ಕಣ್ಣಿಗೆ ಕಾಣುವುದು ಅವರ ರೂಪದಲ್ಲಿ ಮಾತ್ರ.

ಆದರೆ ಮೆಸೇಜು ತೋಟದ ಮಾಲೀಕರ ವಾಟ್ಸಾಪಿಗೆ ಬರುತ್ತದೆ. ಮಾಲೀಕರು ಬೆಂಗಳೂರಿನಲ್ಲಿ ಇರುತ್ತಾರೆ. ಅವರು ತೋಟದ ರೈಟರಿಗೆ ಕಳಿಸಬೇಕು, ರೈಟರು ಕೂಲಿಯವರ ಲೈನ್ ಮನೆಗೆ ಹೇಳಬೇಕು. ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ, ಅವರಿಗೆ ಕನ್ನಡ ಬಾರದು. ಉತ್ತರ ಕರ್ನಾಟಕದಿಂದ ಬಂದವರಿದ್ದಾರೆ, ಅವರು ಆನೆಯನ್ನು ಜಾತ್ರೆಯಲ್ಲಿ ಮಾತ್ರ ನೋಡಿದವರು. ತೋಟದ ಒಳಗೆ ನೆಟ್‌ವರ್ಕ್ ಸಿಗಬೇಕಾದರೆ ಕೆರೆ ಏರಿ ಹತ್ತಬೇಕು. ಕೆರೆ ಏರಿಯ ಮೇಲೆ ಭೀಮ ಇರುತ್ತಾನೆ. ಒಂದು ಮೊಬೈಲ್ ಟವರು, ಹತ್ತು ಬೀದಿದೀಪ, ಕೊಯ್ಲಿನ ಮೂರು ತಿಂಗಳು ಕೂಲಿಯವರಿಗೆ ಒಂದು ವಾಹನ, ಮೂರು ಭಾಷೆಯ ಧ್ವನಿ ಸಂದೇಶ. ಶಾಶ್ವತ ಪರಿಹಾರ ಎಂದು ಮಂತ್ರಿಗಳು ಕೂಗುವುದಕ್ಕೆ ಹೋಲಿಸಿದರೆ ಇದೆಲ್ಲ ಬಹಳ ಚಿಲ್ಲರೆ. ಚಿಲ್ಲರೆ ಕೆಲಸಕ್ಕೆ ಶಂಕುಸ್ಥಾಪನೆ ಮಾಡಲು ಬರುವುದಿಲ್ಲ ಎಂಬುದೇ ತೊಡಕು ಅಂತ ಕಾಣುತ್ತದೆ.

ದೊಡ್ಡ ಕೆಲಸದ ವಿಷಯ ಎತ್ತಿದರೆ ಇನ್ನೂ ಕಷ್ಟ. ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ. 2024ರ ಜುಲೈ 31ಕ್ಕೆ ಕೇಂದ್ರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದು ಊರಿಗೂರೇ ಮಣ್ಣಾಗಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ನನ್ನಂಥ ಬೆಳೆಗಾರರೇ ‘ಬೇಡ ಬೇಡ’ ಎಂದು ಬೀದಿಗಿಳಿದಿದ್ದರಿಂದ ಪೂರ್ತಿ ಬೈಗುಳವನ್ನು ಸಂಪುಟದ ಮೇಲೆ ಹಾಕಲಾರೆ. ನಾನೂ ಒಂದು ಸಲ ಆ ಮೆರವಣಿಗೆಯಲ್ಲಿ ನಡೆದಿದ್ದೇನೆ. ವರದಿಯಲ್ಲಿ ಏನಿದೆ ಎಂದು ಆಗ ನನಗೆ ಯಾರೂ ಕನ್ನಡದಲ್ಲಿ ಹೇಳಿರಲಿಲ್ಲ. ಮನೆ ಕಟ್ಟುವ ಹಾಗಿಲ್ಲ, ಗೊಬ್ಬರ ಹಾಕುವ ಹಾಗಿಲ್ಲ, ಒಕ್ಕಲೆಬ್ಬಿಸುತ್ತಾರೆ ಅಂದರು, ನಂಬಿದೆ. ಕಾಡಿನ ಬಗ್ಗೆ ತೀರ್ಮಾನ ಮಾಡುವವರು ಕಾಡಂಚಿನವರ ಜೊತೆ ಮೊದಲು ಮಾತಾಡದಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ, ಆದರೆ ಬರೀ ನನಗೊಬ್ಬನಿಗೇ ಆಗಬೇಕಾದ ನಾಚಿಕೆಯಲ್ಲ ಅದು.

ಇಷ್ಟೆಲ್ಲ ಯೋಚಿಸಿದ ಮೇಲೆ ನನಗೊಂದು ಉಪಾಯ ಹೊಳೆದಿದೆ, ಅದೇ ಈ ಪತ್ರದ ಮುಖ್ಯ ವಿಷಯ. ದಯಮಾಡಿ ಗಮನವಿಟ್ಟು ಕೇಳಬೇಕು.

ನೀವು ಆರುನೂರು ಮಂದಿ ಇದ್ದೀರಿ. ಒಂದು ರಾತ್ರಿ, ಪೂಜಾರರು ಬಾಗಿಲು ಹಾಕಿಕೊಂಡು ಹೋದ ಮೇಲೆ, ಸದ್ದಿಲ್ಲದೆ ಗೋಡೆಯಿಂದ ಇಳಿದು ಬನ್ನಿ. ಹೇಮಾವತಿಯ ಹಿನ್ನೀರಿನಿಂದ ಘಟ್ಟದ ಅಂಚಿನವರೆಗೆ, ನಿಮ್ಮ ನೆಂಟರು ಓಡಾಡುವ ಹಾದಿ ನೋಡಿಕೊಂಡು, ಇನ್ನೂರು ಮೀಟರಿಗೆ ಒಬ್ಬರಂತೆ ನಿಂತುಬಿಡಿ. ಲೆಕ್ಕ ಹಾಕಿದ್ದೇನೆ, ಆರುನೂರು ಮಂದಿಗೆ 120 ಕಿಲೋಮೀಟರ್ ಆಗುತ್ತದೆ. ನೀವು ಎಲ್ಲಿ ನಿಲ್ಲುತ್ತೀರೋ ಅಲ್ಲಿ 2010ರ ಕಾಯ್ದೆ ನಿಲ್ಲುತ್ತದೆ: ಸುತ್ತ ನೂರು ಮೀಟರ್ ನಿಷೇಧಿತ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ. ರೆಸಾರ್ಟ್ ಏಳುವುದಿಲ್ಲ, ಕಲ್ಲುಕ್ವಾರಿ ತೆರೆಯುವುದಿಲ್ಲ, ಕಾಲುವೆಯವರು ಅನುಮತಿಗೆ ದೆಹಲಿಗೆ ಬರೆಯಬೇಕು. ವಿಶ್ವ ಪರಂಪರೆಯ ತಾಣಕ್ಕೆ ದಾರಿದೀಪ ಬೇಕೇ ಬೇಕಲ್ಲ, ದೀಪ ಬರುತ್ತದೆ. ಪ್ರವಾಸಿಗರು ಫೋಟೋ ಕಳಿಸಬೇಕಲ್ಲ, ಟವರು ಬರುತ್ತದೆ. ಬಸ್ಸಂತೂ ಸರಿಯೇ. ಆಯಾ ಜಾಗಕ್ಕೆ ಕಾವಲುಗಾರರು ಬರುತ್ತಾರೆ, ನೀಲಿ ಬೋರ್ಡು ಬರುತ್ತದೆ. ನಿಮ್ಮ ನೆರಳಿನಲ್ಲಿ ಬೀಟಮ್ಮ ಮರಿಗಳನ್ನು ಕರೆದುಕೊಂಡು ದಾಟಿಕೊಳ್ಳುತ್ತಾಳೆ. ನಮ್ಮ ಆಳುಗಳು ದೀಪದ ಬೆಳಕಿನಲ್ಲಿ ಬುತ್ತಿ ಹಿಡಿದು ನಡೆಯುತ್ತಾರೆ.

ಒಬ್ಬಿಬ್ಬರು ಉಳಿದರೆ ಲೈನ್ ಮನೆಗಳ ಬಾಗಿಲಿಗೂ ಬನ್ನಿ. ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿ ಮಲಗಿದವರನ್ನೂ ಸ್ವಲ್ಪ ನೋಡಿಕೊಳ್ಳಬೇಕು ಎಂದು ಯಾರಿಗಾದರೂ ಅನ್ನಿಸಬಹುದು.

ದೇವಸ್ಥಾನ ಕುಸಿಯುತ್ತದಲ್ಲ ಎಂದು ನೀವು ಹೇಳಬಹುದು. ಮೇಲಿನ ಸಾಲಿನವರೆಲ್ಲ ನಿಮ್ಮ ಬೆನ್ನ ಮೇಲೆ ನಿಂತಿದ್ದಾರೆ, ನಿಜ. ಹಾಗಾದರೆ ಬೇಡ, ಅಲ್ಲೇ ಇರಿ. ನಿಮಗಾಗಿ ಮಾಡಿದ ಕಾಯ್ದೆಯ ಒಂದು ನಕಲನ್ನು, ನಿಷೇಧಿತ ಮತ್ತು ನಿಯಂತ್ರಿತ ಎಂಬ ಎರಡು ಪದಗಳಿಗೆ ಅಡಿಗೆರೆ ಹಾಕಿ, ನಡೆದಾಡುವ ಆನೆಗೂ ನಡೆದು ಹೋಗುವ ಕೂಲಿಗೂ ಹೇಗೆ ಅನ್ವಯಿಸಬಹುದೆಂದು ನೋಡುವವರು ಯಾರಾದರೂ ನಿಮ್ಮ ದರ್ಶನಕ್ಕೆ ಬಂದರೆ ಅವರ ಕೈಗೆ ಕೊಡಿ. ದೊಡ್ಡ ದೊಡ್ಡವರು ಬರುತ್ತಾರೆ, ನಿಮ್ಮ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನಿಮ್ಮ ಎತ್ತರಕ್ಕೆ ಬಾಗಿರುತ್ತದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ತಪ್ಪಿದ್ದರೆ ಕ್ಷಮಿಸಬೇಕು.

ಇಂತಿ ನಿಮ್ಮ ವಿಶ್ವಾಸಿ,
ಬಿಕ್ಕೋಡು ಹೋಬಳಿಯ ಒಬ್ಬ ಬೆಳೆಗಾರ

ತಾ.ಕ.: ಕಾಗದ ಮಡಚುವಾಗ ಫೋನು ಸದ್ದು ಮಾಡಿತು. ರಾತ್ರಿ ಒಂಬತ್ತು ನಲವತ್ತು. ಹಿಂಡು ನಮ್ಮ ಪಕ್ಕದ ತೋಟದ ಕೆರೆಯ ಹತ್ತಿರ ಇದೆಯಂತೆ. ಬೆಳಿಗ್ಗೆ ಆ ಹಾದಿಯಲ್ಲಿ ಹದಿನಾಲ್ಕು ಜನ ಹಣ್ಣು ಕೊಯ್ಯಲು ಬರುವವರಿದ್ದಾರೆ. ಲೈನ್ ಮನೆಯಲ್ಲಿ ಯಾರ ಫೋನೂ ಹತ್ತುತ್ತಿಲ್ಲ. ಬೈಕ್ ತೆಗೆದುಕೊಂಡು ಹೋಗಿ ಹೇಳಿ ಬರುತ್ತೇನೆ.